ಯಾವ ರೂಪಾಯಿ? ಹಾಲಿ ಸಿಕ್ಕ, ಕಲದಾರ ಮತ್ತು ಮೂರು ಗಡಿ ತಾಲ್ಲೂಕುಗಳು

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ 'ಲೊಕ್ಕಿ ಗದ್ಯಾಣ' ಅನ್ನೋ ಮಾತು ಹೊಸದಲ್ಲ. ಇಷ್ಟು ಗದ್ಯಾಣ ಕೊಟ್ಟರು ಅಂತ ಬರೆದರೆ ಸಾಕಿತ್ತಲ್ಲ, 'ಲೊಕ್ಕಿ' ಯಾಕೆ ಬೇಕಿತ್ತು? ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯಲ್ಲಿ ಅಚ್ಚಾದ ಗದ್ಯಾಣ ಅದು. ಬೇರೆ ಟಂಕಸಾಲೆಯ ಗದ್ಯಾಣದ ತೂಕ ಬೇರೆ, ಬಂಗಾರದ ಮಟ್ಟ ಬೇರೆ. ನಾಳೆ ಯಾರೂ ತಕರಾರು ತೆಗೆಯಬಾರದು ಅಂತಲೇ ಶಾಸನ ಬರೆಸಿದವರು ನಾಣ್ಯದ ಊರನ್ನೂ ಸೇರಿಸಿ ಕೆತ್ತಿಸಿದರು.

ಇದೇ ಎಚ್ಚರ ನಮ್ಮ ಕಲಬುರಗಿ ಜಿಲ್ಲೆಗೆ ತೀರಾ ಈಚೆಗೆ, ನಮ್ಮ ಅಜ್ಜಂದಿರ ಕಾಲದಲ್ಲೂ ಬೇಕಾಗಿತ್ತು. 1950ಕ್ಕಿಂತ ಹಿಂದಿನ ಒಂದು ಕ್ರಯಪತ್ರ, ಮಠದ ಲೆಕ್ಕದ ಪುಸ್ತಕ ಅಥವಾ ಗುಡಿಯ ದೇಣಿಗೆ ಕಲ್ಲು ಸಿಕ್ಕಿತು ಅಂತ ಇಟ್ಕೊಳ್ಳಿ. ಅದರಲ್ಲಿ 'ರೂಪಾಯಿ 350' ಅಂತ ಇದೆ. ಯಾವ ರೂಪಾಯಿ? ಈ ಪ್ರಶ್ನೆ ಕೇಳದೆ ಮುಂದೆ ಹೋದರೆ ಆ ಮೊತ್ತಕ್ಕೆ ಅರ್ಥವೇ ಇಲ್ಲ. ಯಾಕಂದರೆ ಆಗ ಇಲ್ಲಿ ಎರಡು ರೂಪಾಯಿ ಓಡಾಡುತ್ತಿದ್ದವು. ಒಂದು ನಿಜಾಮರದ್ದು, ಹಾಲಿ ಸಿಕ್ಕ. ಇನ್ನೊಂದು ಬ್ರಿಟಿಷರದ್ದು, ಕಲದಾರ. ಎರಡರ ನಡುವಿನ ದರ ಏಳಕ್ಕೆ ಆರು: ಏಳು ಹಾಲಿ ಕೊಟ್ಟರೆ ಆರು ಕಲದಾರ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನೇ ನಾನು ಇಲ್ಲಿ ಆರಿಸಿಕೊಳ್ಳಲು ಕಾರಣ ನಕ್ಷೆ ನೋಡಿದರೆ ತಿಳೀತದ. ಆಳಂದದ ಪಡುವಣಕ್ಕೆ ಅಕ್ಕಲಕೋಟ ಸಂಸ್ಥಾನ, ಅದರಾಚೆ ಬ್ರಿಟಿಷರ ಸೋಲಾಪುರ. ಅಫಜಲಪುರದವರು ಭೀಮಾ ನದಿ ದಾಟಿದರೆ ಮುಂಬಯಿ ಪ್ರಾಂತದ ಇಂಡಿ ತಾಲ್ಲೂಕು. ಜೇವರ್ಗಿಯ ಪಕ್ಕ ಸಿಂದಗಿ, ಅದೂ ಬ್ರಿಟಿಷರ ಬಿಜಾಪುರ ಜಿಲ್ಲೆಯೇ. ಭಾಷೆ ಒಂದೇ, ಬೀಗತನ ಒಂದೇ, ಜಾತ್ರೆ ಒಂದೇ. ದುಡ್ಡು ಮಾತ್ರ ಬೇರೆ. ಹೈದರಾಬಾದ್ ಪಟ್ಟಣದಲ್ಲಿ ಕುಳಿತವನಿಗೆ ವಿನಿಮಯ ದರ ಅನ್ನೋದು ಖಜಾನೆಯ ವಿಚಾರ. ಈ ಗಡಿಯವರಿಗೆ ಅದು ವಾರದ ಸಂತೆಯ ವಿಚಾರ.

ಹೆಸರಿನೊಳಗಿನ ಇತಿಹಾಸ

'ಹಾಲಿ' ಅಂದರೆ ಈಗಿನ, ಸದ್ಯ ಚಲಾವಣೆಯಲ್ಲಿರುವ. 'ಹಾಲಿ ಶಾಸಕರು' ಅಂತ ಪತ್ರಿಕೆಯವರು ಇವತ್ತಿಗೂ ಬರೀತಾರಲ್ಲ, ಅದೇ ಶಬ್ದ. 'ಸಿಕ್ಕ' ಅಂದರೆ ಅಚ್ಚು, ಮುದ್ರೆ, ಅದರಿಂದ ನಾಣ್ಯ. ಹಾಗಾಗಿ ಹಾಲಿ ಸಿಕ್ಕ ಅಂದರೆ ಚಾಲ್ತಿ ನಾಣ್ಯ. ಇಂಥ ಹೆಸರು ಬೇಕಾಯಿತು ಅನ್ನೋದರಲ್ಲೇ ಒಂದು ಕಥೆ ಇದೆ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ನಿಜಾಮರ ರಾಜ್ಯದಲ್ಲಿ ಒಂದೇ ಟಂಕಸಾಲೆ ಇರಲಿಲ್ಲ. ನಾರಾಯಣಪೇಟ, ಗದ್ವಾಲದಂಥ ಕಡೆಗಳಲ್ಲೂ ರೂಪಾಯಿ ಅಚ್ಚಾಗುತ್ತಿತ್ತು. ಒಂದೊಂದರ ತೂಕ ಒಂದೊಂದು ತರಹ. ದಿವಾನ ಒಂದನೇ ಸಾಲಾರ್ ಜಂಗ್ 1853ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಈ ಖಾಸಗಿ ಟಂಕಸಾಲೆಗಳನ್ನು ಮುಚ್ಚಿಸಿ ಕೆಲಸವನ್ನು ಹೈದರಾಬಾದಿಗೆ ತಂದರು. ಹಳೆಯವುಗಳ ನಡುವೆ 'ಇದು ಹಾಲಿ' ಅಂತ ಗುರುತಿಸಬೇಕಾದ ನಾಣ್ಯ ಹೀಗೆ ಹುಟ್ಟಿತು. ಏಳನೇ ನಿಜಾಮ ಉಸ್ಮಾನ್ ಅಲಿ ಖಾನರ ಕಾಲಕ್ಕೆ ಅದು 'ಉಸ್ಮಾನಿಯಾ ಸಿಕ್ಕ' ಆಯಿತು. ಕಚೇರಿ ಕಾಗದಗಳ 'ಓ.ಎಸ್.' ಅದರದ್ದೇ ಚಿಕ್ಕ ರೂಪ.

'ಕಲದಾರ' ಅಂದರೆ 'ಕಲ್' ಇರುವ, ಯಂತ್ರದಲ್ಲಿ ಮಾಡಿದ ರೂಪಾಯಿ. 1835ರಿಂದ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಎಲ್ಲ ಕಡೆಗೂ ಒಂದೇ ತೂಕದ ರೂಪಾಯಿ ತಂದಿತು. ಅಂಚು ಸಾಫು, ಆಕಾರ ಗುಂಡಗೆ. ಕೈಯಿಂದ ಬಡಿದ ನಾಣ್ಯ ನೋಡಿದವರಿಗೆ ಯಂತ್ರದ ನಾಣ್ಯ ಎದ್ದು ಕಾಣುತ್ತಿತ್ತು, ಅದಕ್ಕೇ ಆ ಹೆಸರು. ಲೆಕ್ಕದಲ್ಲಿ ಇದು 'ಬಿ.ಜಿ.', ಬ್ರಿಟಿಷ್ ಗವರ್ನಮೆಂಟಿನದು.

ನಾಣ್ಯದ ಮೇಲಿನ ಬರಹವೂ ಶಾಸನವೇ, ಅದನ್ನೂ ಓದಬೇಕು. 1857ರ ದಂಗೆಯ ತನಕ ಹೈದರಾಬಾದಿನ ನಾಣ್ಯದ ಮೇಲೆ ದಿಲ್ಲಿಯ ಮೊಗಲ್ ಬಾದಶಹನ ಹೆಸರಿತ್ತು. ಬಾದಶಾಹಿ ಮುಗಿದ ಮೇಲೆ ಆ ಜಾಗದಲ್ಲಿ 'ನಿಜಾಮುಲ್ ಮುಲ್ಕ್ ಆಸಫ್ ಜಾ' ಬಂತು. ಬ್ರಿಟನ್ನಿನ ರಾಣಿಯ ಹೆಸರು ಬರಲಿಲ್ಲ, ಇದನ್ನು ಗಮನಿಸಬೇಕು. ಜೊತೆಗೆ 92 ಎಂಬ ಅಂಕಿ. ಅದನ್ನು ಇಸವಿ ಅಂದುಕೊಳ್ಳುವವರು ಇದ್ದಾರೆ, ಆದರೆ ಅದು ಇಸವಿ ಅಲ್ಲ. ಅಬ್ಜದ್ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದು ಸಂಖ್ಯೆ. 'ಮುಹಮ್ಮದ್' ಹೆಸರಿನ ಮೀಮ್ 40, ಹೇ 8, ಮೀಮ್ 40, ದಾಲ್ 4, ಕೂಡಿಸಿದರೆ 92. ಇಪ್ಪತ್ತನೇ ಶತಮಾನದ ಆರಂಭದ ಚಾರ್‌ಮಿನಾರ್ ರೂಪಾಯಿಯಲ್ಲಿ ಬಾಗಿಲ ಕಮಾನಿನೊಳಗೆ 'ಮೀಮ್' ಅಕ್ಷರ ಇದ್ದರೆ ಅದು ಮಹಬೂಬ್ ಅಲಿ ಖಾನರದು, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನರದು. ಓದು ಬಾರದ ರೈತನೂ ಚಿತ್ರ ನೋಡಿ ಹೇಳಬಹುದಿತ್ತು: ಮಿನಾರ ಇದ್ದರೆ ಹಾಲಿ, ಮುಖ ಇದ್ದರೆ ಕಲದಾರ.

ಏಳಕ್ಕೆ ಆರು ಎಲ್ಲಿಂದ ಬಂತು?

ಸರಕಾರಿ ದರ ಹೀಗಿತ್ತು: 100 ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಈ ವಿಚಿತ್ರ ಅಂಕಿ ನೋಡಿ ಯಾರೋ ಗುಮಾಸ್ತ ಮನಸ್ಸಿಗೆ ಬಂದಂಗ ಬರೆದಿರಬೇಕು ಅನಿಸಬಹುದು. ಆಣೆ ಪೈ ಬಿಡಿಸಿ ನೋಡಿದರೆ ಇದು 116 ಮತ್ತು ಮೂರನೇ ಎರಡು, ಅಂದರೆ ಸರಿಯಾಗಿ ಏಳಕ್ಕೆ ಆರು.

ಈಗ ನಾಣ್ಯಗಳನ್ನು ತಕ್ಕಡಿಗೆ ಹಾಕೋಣ. ಕಲದಾರದ ತೂಕ 180 ಗ್ರೇನು, ಅಂದರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ಹನ್ನೆರಡರಲ್ಲಿ ಹನ್ನೊಂದು ಪಾಲು. ಶುದ್ಧ ಬೆಳ್ಳಿ ಎಷ್ಟಾಯಿತು? ಸುಮಾರು 10.69 ಗ್ರಾಂ. ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಬೆಳ್ಳಿಯ ಪಾಲು ಸಾವಿರಕ್ಕೆ 818. ಶುದ್ಧ ಬೆಳ್ಳಿ ಸುಮಾರು 9.14 ಗ್ರಾಂ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.169. ಏಳನ್ನು ಆರರಿಂದ ಭಾಗಿಸಿದರೆ 1.167.

ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ದರ ಮೊದಲು ಬರೆದದ್ದು ಕಾಗದದ ಮೇಲಲ್ಲ, ಲೋಹದೊಳಗೆ. ಆಳಂದದ ಸರಾಫನೊಬ್ಬ ಎರಡೂ ನಾಣ್ಯಗಳನ್ನು ಕರಗಿಸಿದ್ದರೂ ಹೆಚ್ಚುಕಡಿಮೆ ಇದೇ ಉತ್ತರ ಸಿಗುತ್ತಿತ್ತು. ಲೊಕ್ಕಿ ಗದ್ಯಾಣದ ಕಾಲದ ಚಿನಿವಾರ ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದದ್ದೂ ಇದನ್ನೇ.

ಲೆಕ್ಕಕ್ಕೆ ಸಿಗದ ಚೂರು

ಕಾಗದದ ಮೇಲೆ ಸುಲಭ ಕಾಣುವ ಏಳಕ್ಕೆ ಆರು ಸಂತೆಯಲ್ಲಿ ಅಷ್ಟು ಸುಲಭ ಇರಲಿಲ್ಲ. ಒಂದು ಕಲದಾರಕ್ಕೆ ಹಾಲಿ ಎಷ್ಟು? ಒಂದು ರೂಪಾಯಿ 2 ಆಣೆ 8 ಪೈ. ಲೆಕ್ಕ ಸರಿಯಾಗಿ ಕೂಡ್ತದ, ಏನೂ ಉಳಿಯೋದಿಲ್ಲ. ಈಗ ತಿರುಗಿಸಿ ನೋಡ್ರಿ. ಒಂದು ಹಾಲಿಗೆ ಕಲದಾರ ಎಷ್ಟು? 13 ಆಣೆ 8 ಪೈ, ಮೇಲೆ ಪೈಯ ಏಳನೇ ನಾಲ್ಕು ಪಾಲು. ಪೈಗಿಂತ ಚಿಕ್ಕ ನಾಣ್ಯ ಇಲ್ಲ. ಏಳರಿಂದ ಭಾಗಿಸುವ ಲೆಕ್ಕ ಹದಿನಾರಾಣೆ, ಹನ್ನೆರಡು ಪೈಗೆ ಎಂದೂ ಹೊಂದುವುದಿಲ್ಲ. ಹಾಲಿ ಹಿಡಿದು ಗಡಿ ದಾಟುವವನ ಚಿಲ್ಲರೆ ವ್ಯವಹಾರದಲ್ಲಿ ಒಂದು ಚೂರು ಯಾವಾಗಲೂ ಉಳಿಯುತ್ತಿತ್ತು. ಆ ಚೂರು ರೈತನ ಕಡೆಗೆ ಬೀಳುವಂಥದ್ದಲ್ಲ. ಅದರ ಮೇಲೆ ಸರಾಫನ ಬಟ್ಟಾ ಬೇರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಫಜಲಪುರದ ರೈತನ ಹತ್ತಿ ಸೋಲಾಪುರದ ದಲ್ಲಾಳಿಗೆ ಹೋಗಿ 60 ಕಲದಾರ ಬಂತು ಅನ್ನಿ. ಭೂಕಂದಾಯ ತುಂಬಬೇಕಾದ್ದು ನಿಜಾಮರ ಖಜಾನೆಗೆ, ಹಾಲಿಯಲ್ಲಿ. ಸರಕಾರಿ ದರದಲ್ಲಿ 60 ಕಲದಾರಕ್ಕೆ 70 ಹಾಲಿ. ಕಂದಾಯದ ಗಡುವು ಹತ್ತಿರ ಬಂದಾಗ ಊರಲ್ಲಿ ಎಲ್ಲರಿಗೂ ಹಾಲಿಯೇ ಬೇಕು. ಸರಾಫ 68 ಕೊಟ್ಟರೆ ರೈತ ಎರಡು ರೂಪಾಯಿ ಕಳಕೊಂಡ. ಬೆಳೆ ಚೆನ್ನಾಗಿದೆ, ಮಾರಿದ ಬೆಲೆ ಚೆನ್ನಾಗಿದೆ, ಕಂದಾಯವೂ ಏರಿಲ್ಲ, ಆದರೂ ಗಂಟಿನಲ್ಲಿ ಎರಡು ರೂಪಾಯಿ ಕಡಿಮೆ. ಯಾವ ಜಮಾಬಂದಿ ಲೆಕ್ಕದಲ್ಲೂ ಈ ಎರಡು ರೂಪಾಯಿ ಕಾಣಿಸುವುದಿಲ್ಲ.

ದರ ಅಲುಗಾಡಿದ ಕಾಲ

ದರ ಯಾವಾಗಲೂ ಏಳಕ್ಕೆ ಆರರಲ್ಲೇ ನಿಂತಿತ್ತು ಅಂತ ತಿಳಿಯಬಾರದು. ಎರಡೂ ರೂಪಾಯಿ ಪೂರ್ತಿ ಬೆಳ್ಳಿಯ ಬೆಲೆಯ ಮೇಲೆ ನಿಂತಿದ್ದಷ್ಟು ದಿನ ಬೆಳ್ಳಿ ಏರಲಿ, ಇಳಿಯಲಿ, ಎರಡೂ ಕೂಡಿಯೇ ಏರಿಳಿಯುತ್ತಿದ್ದವು. 1870ರ ದಶಕದಲ್ಲಿ ಜರ್ಮನಿ ಬೆಳ್ಳಿ ಬಿಟ್ಟು ಬಂಗಾರದ ನಾಣ್ಯಕ್ಕೆ ಹೋಯಿತು, ಬೇರೆ ದೇಶಗಳೂ ಹಿಂಬಾಲಿಸಿದವು. 1870ರ ಹೊತ್ತಿಗೆ ಲಂಡನ್ನಿನಲ್ಲಿ ಔನ್ಸಿಗೆ 60 ಪೆನ್ನಿಯ ಆಸುಪಾಸು ಇದ್ದ ಬೆಳ್ಳಿ 1893ಕ್ಕೆ 40 ಪೆನ್ನಿಗಿಂತ ಕೆಳಗಿಳಿಯಿತು.

ಆ 1893ರಲ್ಲಿ ಬ್ರಿಟಿಷ್ ಇಂಡಿಯಾ ಸರಕಾರ ತನ್ನ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿತು. ಅಲ್ಲಿಯ ತನಕ ಯಾರು ಬೇಕಾದರೂ ಬೆಳ್ಳಿ ಒಯ್ದು ರೂಪಾಯಿ ಮಾಡಿಸಬಹುದಿತ್ತು. ಬಾಗಿಲು ಮುಚ್ಚಿದ ಮೇಲೆ ಕಲದಾರದ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಯಿಂದ ಬಿಡಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಅದು ರೂಪಾಯಿಗೆ 16 ಪೆನ್ನಿ, ಅಂದರೆ ಬಂಗಾರದ ಒಂದು ಸಾವರಿನ್ನಿಗೆ 15 ರೂಪಾಯಿ ಎಂಬ ದರಕ್ಕೆ ಬಂದು ನಿಂತಿತು. ಹಾಲಿ ಸಿಕ್ಕಕ್ಕೆ ಇಂಥ ಆಸರೆ ಇರಲಿಲ್ಲ. ಬೆಳ್ಳಿ ಕುಸಿದಾಗ ಕಲದಾರದ ಎದುರು ಅದರ ಬೆಲೆಯೂ ಅಲುಗಾಡಿತು.

ಇದರಿಂದ ಗೆದ್ದವರು ಯಾರು, ಸೋತವರು ಯಾರು? ಗಡಿಯಾಚೆ ಮಾಲು ಮಾರಿ ಕಲದಾರ ತರುವವನಿಗೆ ಒಂದೊಂದು ಕಲದಾರಕ್ಕೂ ಹೆಚ್ಚು ಹಾಲಿ, ಕಂದಾಯ ಮೊದಲಿನಷ್ಟೇ. ಅವನಿಗೆ ಹಗುರ. ಹಾಲಿಯಲ್ಲಿ ಕೂಲಿ ಪಡೆದು ಬ್ರಿಟಿಷ್ ಮುಲುಕಿನಿಂದ ಬರುವ ಉಪ್ಪು, ಮಿಲ್ ಬಟ್ಟೆ ಕೊಳ್ಳುವವನಿಗೆ ಅದೇ ಕೂಲಿ ಸಣ್ಣದಾಯಿತು. ಕಲಬುರಗಿ ಮೇಲೆ ಹಾದು ಹೋಗುವ ಜಿ.ಐ.ಪಿ. ರೈಲು 1871ರಲ್ಲಿ ರಾಯಚೂರು ಮುಟ್ಟಿತ್ತು. ಹೀಗಾಗಿ ಮುಂಬಯಿಯ ಧಾರಣೆ ಈ ಊರುಗಳ ಅಂಗಳಕ್ಕೇ ಬಂದಿತ್ತು. ಗಡಿ ನಾಕಾದ ಕರೋಡಗಿರಿ ಸುಂಕ ಕಣ್ಣಿಗೆ ಕಾಣುವ ತೆರಿಗೆ. ದರದ ಏರಿಳಿತ ಕಣ್ಣಿಗೆ ಕಾಣದ ತೆರಿಗೆ.

ಇದಕ್ಕೊಂದು ಕಟ್ಟೆ ಕಟ್ಟಿದ್ದು 1904ರ ಹೊತ್ತಿಗೆ, ನಿಜಾಮ ಸರಕಾರದ ಹಣಕಾಸು ನೋಡಿಕೊಳ್ಳುತ್ತಿದ್ದ ಜಾರ್ಜ್ ಕ್ಯಾಸನ್ ವಾಕರ್ ಕಾಲದಲ್ಲಿ. ಯಂತ್ರದಲ್ಲಿ ಅಚ್ಚಾದ ಹೊಸ ಚಾರ್‌ಮಿನಾರ್ ರೂಪಾಯಿ ಬಂತು. ದರವನ್ನು ಒಂದು ಸಣ್ಣ ಅಂತರದೊಳಗೆ ಹಿಡಿದಿಡುವ ಹೊಣೆಯನ್ನು ಸರಕಾರವೇ ಹೊತ್ತಿತು. ಇನ್ನು ಮುಂದೆ ದರ ಕಾಯುವುದು ಬೆಳ್ಳಿ ಅಲ್ಲ, ಖಜಾನೆ.

ಕಾಗದ ಬಂತು, ಕನ್ನಡ ಬಂತು

ಮೊದಲ ಮಹಾಯುದ್ಧದಲ್ಲಿ ಕಥೆ ಉಲ್ಟಾ ಆಯಿತು. ಬೆಳ್ಳಿಯ ಬೆಲೆ ಏರುತ್ತ ಹೋಗಿ 1920ರ ಹೊತ್ತಿಗೆ ಲಂಡನ್ನಿನಲ್ಲಿ 89 ಪೆನ್ನಿ ಮುಟ್ಟಿತು. ರೂಪಾಯಿಯ ಮುಖಬೆಲೆಗಿಂತ ಅದರೊಳಗಿನ ಬೆಳ್ಳಿಗೇ ಹೆಚ್ಚು ಬೆಲೆ. ಜನ ನಾಣ್ಯ ಹೂತಿಟ್ಟರು, ಕರಗಿಸಿದರು. ಬ್ರಿಟಿಷ್ ಇಂಡಿಯಾ 1917ರಲ್ಲಿ ಒಂದು ರೂಪಾಯಿ ನೋಟು ತಂದಿತು. ಹೈದರಾಬಾದ್ 1918ರಲ್ಲಿ ಕಾಗದದ ನಾಣ್ಯದ ಕಾನೂನು ಮಾಡಿ ತನ್ನದೇ ನೋಟು ಹೊರಡಿಸಿತು. ದೇಶೀ ಸಂಸ್ಥಾನಗಳಲ್ಲಿ ಹೀಗೆ ಸ್ವಂತ ನೋಟು ಚಲಾಯಿಸುವುದು ಸಣ್ಣ ಮಾತಾಗಿರಲಿಲ್ಲ.

ಲಿಪಿ ನೋಡುವ ನಮಗೆ ಈ ನೋಟುಗಳಲ್ಲಿ ಇನ್ನೊಂದು ಸಂಗತಿ ಇದೆ. ಹಾಲಿ ಸಿಕ್ಕದ ಬೆಳ್ಳಿ ರೂಪಾಯಿಯ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ. ನೋಟಿನಲ್ಲಿ ಉರ್ದು, ಇಂಗ್ಲಿಷ್ ಜೊತೆಗೆ ಮರಾಠಿ, ತೆಲುಗು ಮತ್ತು ಕನ್ನಡದಲ್ಲೂ ಬೆಲೆ ಅಚ್ಚಾಯಿತು. ಬೆಳ್ಳಿಯನ್ನು ಕಿವಿಗೆ ಹಿಡಿದು ಬಾರಿಸಿ, ಹಲ್ಲಲ್ಲಿ ಕಚ್ಚಿ ನಂಬಬಹುದು. ಕಾಗದವನ್ನು ಓದಿಯೇ ನಂಬಬೇಕು. ಜೇವರ್ಗಿಯ ರೈತ ನಂಬಬೇಕಾದರೆ ಅದು ಅವನ ಲಿಪಿಯಲ್ಲಿ ಇರಬೇಕಿತ್ತು.

1940ರಲ್ಲಿ ಬ್ರಿಟಿಷರು ಕಲದಾರದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಲೋಹದ ಲೆಕ್ಕ ಅಲ್ಲಿಗೆ ಕೆಟ್ಟಿತು. ಆದರೂ ಏಳಕ್ಕೆ ಆರು ಉಳಿಯಿತು. ಬೆಳ್ಳಿಯಲ್ಲಿ ಹುಟ್ಟಿದ ದರ ಬೆಳ್ಳಿ ಹೋದ ಮೇಲೂ ಬರೀ ವಚನದ ಮೇಲೆ ನಿಂತಿತು. 1941ರ ಕಾನೂನಿನಿಂದ ಹುಟ್ಟಿ 1942ರಲ್ಲಿ ಕೆಲಸ ಶುರು ಮಾಡಿದ ಹೈದರಾಬಾದ್ ಸ್ಟೇಟ್ ಬ್ಯಾಂಕಿಗೆ ಈ ನಾಣ್ಯ ನೋಡಿಕೊಳ್ಳುವ ಹೊಣೆ ಬಂತು.

ಎರಡು ದೇಶ, ಒಂದು ಸಂತೆ

1947ರ ಆಗಸ್ಟಿನಲ್ಲಿ ಇಂಡಿ, ಸಿಂದಗಿ, ಸೋಲಾಪುರ ಸ್ವತಂತ್ರ ಭಾರತದಲ್ಲಿದ್ದವು. ಆಳಂದ, ಅಫಜಲಪುರ, ಜೇವರ್ಗಿ ನಿಜಾಮರ ಕೈಯಲ್ಲೇ ಉಳಿದವು. ನವೆಂಬರ್ 29ಕ್ಕೆ ಯಥಾಸ್ಥಿತಿ ಒಪ್ಪಂದ ಆಯಿತು. ಅದರ ಬೆನ್ನಿಗೇ ಹೈದರಾಬಾದ್ ಸರಕಾರ ಎರಡು ಆಜ್ಞೆ ಹೊರಡಿಸಿತು. ಬಂಗಾರ ಬೆಳ್ಳಿ ಹೊರಗೆ ಒಯ್ಯುವುದಕ್ಕೆ ತಡೆ ಒಂದು, ಭಾರತದ ರೂಪಾಯಿ ರಾಜ್ಯದೊಳಗೆ ಕಾನೂನುಬದ್ಧ ನಾಣ್ಯ ಅಲ್ಲ ಅನ್ನೋದು ಇನ್ನೊಂದು. ಇದು ಒಪ್ಪಂದದ ಉಲ್ಲಂಘನೆ ಅಂತ ಭಾರತ ಸರಕಾರ ತಕರಾರು ತೆಗೆಯಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟ ವಿಚಾರದ ಜೊತೆ ಈ ನಾಣ್ಯದ ಜಗಳವೂ ದಿಲ್ಲಿ ಹೈದರಾಬಾದಿನ ಮಾತುಕತೆಯಲ್ಲಿ ದೊಡ್ಡದಾಯಿತು.

ಇತಿಹಾಸದ ಪುಸ್ತಕಗಳಲ್ಲಿ ಇದು ರಾಜತಾಂತ್ರಿಕ ವಿವಾದ. ಗಡಿಯ ಹಳ್ಳಿಯಿಂದ ನೋಡಿದರೆ ಬೇರೆ. ತಲೆಮಾರುಗಳಿಂದ ಎರಡೂ ರೂಪಾಯಿಯನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದ ಜನ ಅವರು. ಮಗಳನ್ನು ಇಂಡಿಗೆ ಕೊಟ್ಟವರು, ಸೋಲಾಪುರದ ಮಿಲ್ಲಿಗೆ ದುಡಿಯಲು ಹೋದವರು, ಗಾಣಗಾಪುರದ ದತ್ತನ ಗುಡಿಗೆ ಬರುವ ಮರಾಠಿ ಯಾತ್ರಿಕರಿಗೆ ಕಾಯಿ ಕರ್ಪೂರ ಮಾರಿದವರು. ಇಂಥವರ ಗಂಟಿನ ಅರ್ಧ ದುಡ್ಡಿಗೆ ಒಂದು ಆಜ್ಞೆಯಿಂದ ಕಾನೂನಿನ ಬೆಂಬಲ ತಪ್ಪಿತು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತ ಮುಗಿಯಿತು. ದುಡ್ಡು ಅಂದೇ ಮುಗಿಯಲಿಲ್ಲ. 1950ರಲ್ಲಿ ಭಾರತದ ರೂಪಾಯಿ ಅಧಿಕೃತವಾಗಿ ಬಂತು, ಉಸ್ಮಾನಿಯಾ ಸಿಕ್ಕವೂ ಅದೇ ಏಳಕ್ಕೆ ಆರರ ದರದಲ್ಲಿ ಜೊತೆಗೆ ನಡೆಯಿತು. ಆ ದಶಕದಲ್ಲಿ ಹಂತಹಂತವಾಗಿ ಅದನ್ನು ಹಿಂತೆಗೆದುಕೊಂಡರು. ಇತ್ತ 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1957ರ ಏಪ್ರಿಲ್ 1ಕ್ಕೆ ಆಣೆ ಪೈ ಹೋಗಿ ನಯಾ ಪೈಸೆ ಬಂತು. ಹತ್ತೇ ವರ್ಷದಲ್ಲಿ ಒಬ್ಬನೇ ಮನುಷ್ಯ ರಾಜ್ಯ, ನಾಣ್ಯ, ಎಣಿಕೆ ಮೂರನ್ನೂ ಬದಲಿಸಿಕೊಳ್ಳಬೇಕಾಯಿತು.

ದಾಖಲೆ ಕೈಗೆ ಸಿಕ್ಕಾಗ

ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವ ಗೆಳೆಯರಿಗೆ ನಾಲ್ಕು ಮಾತು.

ಒಂದು, ಮೊತ್ತದ ಹಿಂದೆ ಮುಂದೆ ಇರುವ ಶಬ್ದ ನೋಡಿ. ಹಾಲಿ, ಸಿಕ್ಕ, ಉಸ್ಮಾನಿಯಾ, ಓ.ಎಸ್. ಇದ್ದರೆ ನಿಜಾಮರದು. ಕಲದಾರ, ಬಿ.ಜಿ. ಇದ್ದರೆ ಬ್ರಿಟಿಷರದು. 350 ಹಾಲಿ ಅಂದರೆ 300 ಕಲದಾರ. 350 ಕಲದಾರ ಅಂದರೆ 408 ರೂಪಾಯಿ 5 ಆಣೆ 4 ಪೈ ಹಾಲಿ. ವ್ಯತ್ಯಾಸ ಸಣ್ಣದಲ್ಲ.

ಎರಡು, ಇಸವಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ನಾಣ್ಯದ ಮೇಲೆ ಹಿಜರಿ, ಕಚೇರಿ ಕಾಗದದಲ್ಲಿ ಫಸಲಿ. ಹಿಜರಿ 1327 ಅಂದರೆ 1909, ಫಸಲಿ 1327 ಅಂದರೆ 1917–18. ಎಂಟು ವರ್ಷದ ಅಂತರದಲ್ಲಿ ಯುದ್ಧವೇ ಶುರುವಾಗಿದೆ, ಬೆಳ್ಳಿಯ ಬೆಲೆಯೇ ಬೇರೆಯಾಗಿದೆ.

ಮೂರು, ವಿಚಿತ್ರ ಮೊತ್ತ ಕಂಡರೆ ಆರರಿಂದ ಗುಣಿಸಿ ಏಳರಿಂದ ಭಾಗಿಸಿ ನೋಡಿ. 11 ರೂಪಾಯಿ 10 ಆಣೆ 8 ಪೈ ಅಂದರೆ 10 ಕಲದಾರ. 29 ರೂಪಾಯಿ 2 ಆಣೆ 8 ಪೈ ಅಂದರೆ 25 ಕಲದಾರ. 58 ರೂಪಾಯಿ 5 ಆಣೆ 4 ಪೈ ಅಂದರೆ 50 ಕಲದಾರ. ಹಾಲಿಯಲ್ಲಿ ಬರೆದ ಲೆಕ್ಕದಲ್ಲಿ ಇಂಥ ಮೊತ್ತ ಬಂದರೆ, ಕೊಟ್ಟವರು ಗಡಿಯಾಚೆಯ ದುಡ್ಡಿನಲ್ಲಿ ಕೊಟ್ಟಿರಬಹುದು ಅಂತ ಅನುಮಾನಿಸಲು ದಾರಿ ಇದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪಾಠ ಇಳಿಸಿಕೊಳ್ಳುವಾಗ ಎಲ್ಲವನ್ನೂ 'ರೂ.' ಅಂತ ಸರಿಪಡಿಸಬೇಡಿ. ಕಲ್ಲಿನಲ್ಲಿ, ಕಾಗದದಲ್ಲಿ ಏನಿದೆಯೋ ಅದನ್ನೇ ಬರೆಯಿರಿ. 'ಲೊಕ್ಕಿ ಗದ್ಯಾಣ' ಎಂಬಲ್ಲಿ 'ಲೊಕ್ಕಿ' ಬಿಟ್ಟು ಪ್ರಕಟಿಸಿದರೆ ನಾವ್ಯಾರೂ ಒಪ್ಪುವುದಿಲ್ಲ. 'ಹಾಲಿ' ಬಿಟ್ಟು ಪ್ರಕಟಿಸುವುದೂ ಅಷ್ಟೇ. ಆ ಒಂದು ಶಬ್ದ ಹೋದರೆ ಏಳರಲ್ಲಿ ಒಂದು ಪಾಲು ದುಡ್ಡು ಲೆಕ್ಕದಿಂದ ಹೋಯಿತು, ಅದರ ಜೊತೆ ಎರಡು ದುಡ್ಡಿನ ನಡುವೆ ಬಾಳಿದವರ ಗುರುತೂ ಹೋಯಿತು. ನಿಮ್ಮ ಊರಿನ ಗುಡಿ, ಮಠ, ದರ್ಗಾದಲ್ಲಿ 1950ಕ್ಕಿಂತ ಹಿಂದಿನ ದೇಣಿಗೆ ಕಲ್ಲು ಇದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ, ರೂಪಾಯಿಯ ಪಕ್ಕ ಏನು ಬರೆದಿದೆ ಅಂತ.